ಸ್ವಿಚ್ ಒಂದೇ, ಖಾತಾವಹಿ ಬೇರೆ

ನಂಜನಗೂಡಿನಲ್ಲಿ ಕಪಿಲಾ ನದಿಗೆ ಅಡ್ಡಲಾಗಿ 1735ರಲ್ಲಿ ದಳವಾಯಿ ದೇವರಾಜರ ಕಾಲದಲ್ಲಿ ನಿರ್ಮಾಣವಾದ ಸೇತುವೆಯು ಬಹುಕಾಲ ರಸ್ತೆಯ ವಾಹನಗಳನ್ನೂ ಮೀಟರ್ ಗೇಜ್ ರೈಲನ್ನೂ ಒಟ್ಟಿಗೆ ಹೊತ್ತು ನಿಂತಿತ್ತು. ಸೇತುವೆ ಒಂದೇ ಆಗಿದ್ದರೂ ಗಾಡಿಯ ದಾರಿ ಬೇರೆ, ರೈಲಿನ ಹಳಿ ಬೇರೆ. ಇಂದು ಎರಡೂ ಸಂಚಾರಗಳು ಹೊಸ ಸೇತುವೆಗಳಿಗೆ ಹೋಗಿವೆ. ಹಳೆಯ ಸೇತುವೆ ಪರಂಪರೆಯ ಸ್ಮಾರಕವಾಗಿ ಉಳಿದಿದೆ. ಅದೇ ಕಪಿಲೆ ಮುಂದೆ ಹರಿದು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಕೂಡಿದ ನಂತರ ಯಾವ ನೀರು ಯಾವ ನದಿಯದೆಂದು ಬೇರ್ಪಡಿಸಿ ಹೇಳುವುದು ಯಾರಿಂದಲೂ ಸಾಧ್ಯವಿಲ್ಲ. ಸಂಗಮವು ಪುಣ್ಯಸ್ನಾನಕ್ಕೆ ಶ್ರೇಷ್ಠ; ವ್ಯಾಪಾರದ ಮಾಹಿತಿಗೆ ಮಾತ್ರ ಸಂಗಮವು ಅಪಾಯಕರ.

ಈ ಎರಡು ತಾಲ್ಲೂಕುಗಳ ಅನೇಕ ಸಣ್ಣ ಕಾರ್ಖಾನೆಗಳ ಮತ್ತು ಅಂಗಡಿಗಳ ಕಂಪ್ಯೂಟರ್ ಜಾಲವು ಇಂದು ಸಂಗಮದ ಸ್ಥಿತಿಯಲ್ಲಿದೆ. ಅದು ಸೇತುವೆಯ ಸ್ಥಿತಿಗೆ ಬರಬೇಕಾಗಿದೆ. ಅದಕ್ಕೆ ಬೇಕಾದ ಉಪಾಯವು ಹೊಸದೇನಲ್ಲ. ದೊಡ್ಡ ದತ್ತಾಂಶ ಕೇಂದ್ರಗಳು ಅಂದರೆ ಡೇಟಾ ಸೆಂಟರ್‌ಗಳು ತಮ್ಮ ಸ್ವಿಚ್‌ಗಳಲ್ಲಿ ವರ್ಷಗಳಿಂದ ಬಳಸುತ್ತಿರುವ ‘ವರ್ಚುವಲ್ ರೂಟಿಂಗ್’ ಎಂಬ ವ್ಯವಸ್ಥೆಯೇ ಅದು. ಇದನ್ನು ಎಂಜಿನಿಯರುಗಳ ವಿಷಯವೆಂದು ಬದಿಗಿಡುವುದು ಸರಿಯಲ್ಲ. ಇದು ಮೂಲತಃ ಲೆಕ್ಕಪತ್ರದ ಶಿಸ್ತಿನ ವಿಷಯ. ಲೆಕ್ಕ ಬಲ್ಲ ಯಾವ ವರ್ತಕನಿಗೂ ಇದು ಅರ್ಥವಾಗುವಂಥದು.

ಒಂದೇ ತಂತಿಯಲ್ಲಿ ಎಲ್ಲ ವಹಿವಾಟು

ಹಿಂದೆ ಸಣ್ಣ ಉದ್ಯಮದಲ್ಲಿ ಕಂಪ್ಯೂಟರ್ ಎಂದರೆ ಲೆಕ್ಕ ಬರೆಯುವ ಯಂತ್ರವಷ್ಟೇ ಆಗಿತ್ತು. ಅದು ಕೆಟ್ಟರೆ ಗುಮಾಸ್ತರು ಎರಡು ದಿನ ಕೈಯಲ್ಲಿ ಬಿಲ್ಲು ಬರೆಯುತ್ತಿದ್ದರು. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದಿತು. 2018ರ ಏಪ್ರಿಲ್ 1ರಿಂದ ರಾಜ್ಯದೊಳಗಿನ ಸರಕು ಸಾಗಣೆಗೂ ಇ-ವೇ ಬಿಲ್ ಪದ್ಧತಿಯನ್ನು ಮೊದಲು ಜಾರಿಗೊಳಿಸಿದ ರಾಜ್ಯ ಕರ್ನಾಟಕವೇ. 2023ರ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದವರೆಲ್ಲರೂ ಇ-ಇನ್‌ವಾಯ್ಸ್ ವ್ಯಾಪ್ತಿಗೆ ಬಂದರು. ಪರಿಣಾಮವಾಗಿ ಇಂದು ಜಾಲ ನಿಂತರೆ ಸರಕು ತುಂಬಿದ ಲಾರಿಯೂ ಗೇಟಿನಲ್ಲಿಯೇ ನಿಲ್ಲುತ್ತದೆ.

ಹೀಗೆ ಜಾಲದ ಮಹತ್ವ ಹೆಚ್ಚಿದರೂ ಅದರ ರಚನೆ ಮಾತ್ರ ಬದಲಾಗಿಲ್ಲ. ನಂಜನಗೂಡು ಕೈಗಾರಿಕಾ ಪ್ರದೇಶದ ಒಂದು ಬಿಡಿಭಾಗ ತಯಾರಿಕಾ ಘಟಕವನ್ನು ಕಲ್ಪಿಸಿಕೊಳ್ಳಬಹುದು. ಲೆಕ್ಕಪತ್ರದ ಕಂಪ್ಯೂಟರ್, ಯಂತ್ರಗಳನ್ನು ನಿಯಂತ್ರಿಸುವ ಉಪಕರಣ, ಸಿಸಿಟಿವಿ ಕ್ಯಾಮೆರಾಗಳು, ಹಾಜರಾತಿಯ ಬೆರಳಚ್ಚು ಯಂತ್ರ, ಮಾಲೀಕರ ಮೊಬೈಲು, ಬಂದುಹೋಗುವವರಿಗೆ ಕೊಟ್ಟ ವೈ-ಫೈ, ಯಂತ್ರ ದುರಸ್ತಿಗೆ ದೂರದ ಊರಿನಿಂದ ಒಳಬರುವ ತಂತ್ರಜ್ಞರ ಸಂಪರ್ಕ ಇವೆಲ್ಲವೂ ಒಂದೇ ಸ್ವಿಚ್ಚಿಗೆ ಸೇರಿರುತ್ತವೆ. ತಿ. ನರಸೀಪುರದ ಅಕ್ಕಿ ಗಿರಣಿಯಲ್ಲಿಯೂ ರೇಷ್ಮೆ ನೂಲು ಬಿಚ್ಚಾಣಿಕೆಯ ಘಟಕದಲ್ಲಿಯೂ ಉಪಕರಣಗಳ ಸಂಖ್ಯೆ ಕಡಿಮೆ ಇರಬಹುದು. ಬೆರಕೆ ಮಾತ್ರ ಅದೇ. ಅಗ್ಗದ ಒಂದು ಕ್ಯಾಮೆರಾಕ್ಕೆ ನುಗ್ಗಿದವನು ಅದೇ ದಾರಿಯಲ್ಲಿ ಲೆಕ್ಕದ ಕಂಪ್ಯೂಟರಿನ ಬಾಗಿಲಿಗೆ ಬಂದು ನಿಲ್ಲಬಲ್ಲನು.

ಖಾತಾವಹಿಯ ಉದಾಹರಣೆ

ಸ್ವಿಚ್ ಎಂದರೆ ಹಲವು ತಂತಿಗಳು ಬಂದು ಸೇರುವ ಪೆಟ್ಟಿಗೆ. ಅದಕ್ಕೆ ಬರುವ ಪ್ರತಿಯೊಂದು ಮಾಹಿತಿಯ ಪೊಟ್ಟಣದ ಮೇಲೂ ಅದು ಸೇರಬೇಕಾದ ವಿಳಾಸವಿರುತ್ತದೆ. ಯಾವ ವಿಳಾಸಕ್ಕೆ ಯಾವ ದಾರಿ ಎಂಬುದನ್ನು ಬರೆದಿಟ್ಟ ಪಟ್ಟಿಗೆ ‘ರೂಟಿಂಗ್ ಟೇಬಲ್’ ಎಂದು ಹೆಸರು. ಕನ್ನಡದಲ್ಲಿ ಮಾರ್ಗಪಟ್ಟಿ ಎನ್ನಬಹುದು. ಗುಮಾಸ್ತನು ವೋಚರನ್ನು ನೋಡಿ, ಖಾತಾವಹಿಯಲ್ಲಿ ಆ ಖಾತೆಯ ಪುಟವನ್ನು ತೆರೆದು, ಮೊತ್ತವನ್ನು ಅಲ್ಲಿಗೆ ಎತ್ತಿ ಬರೆಯುವಂತೆ ಸ್ವಿಚ್ಚು ಈ ಪಟ್ಟಿಯನ್ನು ನೋಡಿ ಪೊಟ್ಟಣವನ್ನು ಸಾಗಿಸುತ್ತದೆ. ಪಟ್ಟಿಯಲ್ಲಿ ದಾರಿ ಇಲ್ಲದಿದ್ದರೆ ಆ ಪೊಟ್ಟಣ ಮುಂದೆ ಹೋಗುವುದಿಲ್ಲ.

ಸಾಮಾನ್ಯ ಸ್ವಿಚ್ಚಿನಲ್ಲಿ ಇಂತಹ ಮಾರ್ಗಪಟ್ಟಿ ಒಂದೇ ಇರುತ್ತದೆ. ‘ವರ್ಚುವಲ್ ರೂಟಿಂಗ್ ಅಂಡ್ ಫಾರ್ವರ್ಡಿಂಗ್’, ಸಂಕ್ಷೇಪವಾಗಿ ವಿಆರ್‌ಎಫ್, ಎಂಬ ವ್ಯವಸ್ಥೆಯಲ್ಲಿ ಒಂದೇ ಸ್ವಿಚ್ಚಿನೊಳಗೆ ಪರಸ್ಪರ ಸಂಬಂಧವಿಲ್ಲದ ಹಲವು ಮಾರ್ಗಪಟ್ಟಿಗಳನ್ನು ಇಡಬಹುದು. ಒಬ್ಬನೇ ಲೆಕ್ಕಿಗನು ಒಂದೇ ಮೇಜಿನ ಮೇಲೆ ಮೂರು ಸಂಸ್ಥೆಗಳ ಮೂರು ಖಾತಾವಹಿಗಳನ್ನು ಬರೆದಂತೆ ಇದು. ಮೇಜು ಒಂದು, ಲೇಖನಿ ಒಂದು, ಕೈ ಒಂದು. ಆದರೂ ಒಂದು ಸಂಸ್ಥೆಯ ಜಮೆ ಇನ್ನೊಂದರ ಖಾತೆಗೆ ಹೋಗುವುದಿಲ್ಲ. ತಾಯಿ ಮಗಳಾದರೂ ಬಾಯಿ ಹೊಟ್ಟೆ ಬೇರೆ ಎಂಬ ಗಾದೆ ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ.

ಇದರಿಂದ ಇನ್ನೊಂದು ಪ್ರಯೋಜನವೂ ಇದೆ. ಖಾಸಗಿ ಜಾಲಗಳಿಗೆಂದು 1996ರಲ್ಲಿಯೇ ಕೆಲವು ವಿಳಾಸಗಳನ್ನು ಮೀಸಲಿಡಲಾಯಿತು. 192.168 ಎಂದು ಆರಂಭವಾಗುವ ವಿಳಾಸಗಳು ಇವುಗಳಲ್ಲಿ ಎಲ್ಲರಿಗೂ ಪರಿಚಿತ. ಇವುಗಳನ್ನು ಯಾರು ಬೇಕಾದರೂ ಬಳಸಬಹುದಾದ್ದರಿಂದ ಅಕ್ಕಪಕ್ಕದ ಎರಡು ಕಾರ್ಖಾನೆಗಳಲ್ಲಿ ಒಂದೇ ವಿಳಾಸವಿರುವುದು ಸರ್ವೇಸಾಮಾನ್ಯ. ಒಂದೇ ಮಾರ್ಗಪಟ್ಟಿಯಲ್ಲಿ ಇಬ್ಬರೂ ಇದ್ದರೆ ಗೊಂದಲ ತಪ್ಪದು. ಪಟ್ಟಿಗಳು ಬೇರೆಯಾದರೆ ಎರಡು ಖಾತಾವಹಿಗಳಲ್ಲಿಯೂ 25ನೆಯ ಪುಟ ಇರುವಂತೆ ಒಂದೇ ವಿಳಾಸವು ಎರಡೂ ಕಡೆ ನಿರಾತಂಕವಾಗಿ ಇರಬಲ್ಲುದು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸುವುದು ಅಗತ್ಯ. ‘ಈಗಾಗಲೇ ವಿಎಲ್ಎಎನ್ ಮಾಡಿಸಿದ್ದೇವೆ, ವಿಭಾಗಗಳು ಬೇರೆಯಾಗಿವೆ’ ಎಂದು ಅನೇಕ ಉದ್ಯಮಿಗಳು ಸಮಾಧಾನದಿಂದಿರುತ್ತಾರೆ. ವಿಎಲ್ಎಎನ್ ಎಂಬುದು ಒಂದೇ ಸ್ವಿಚ್ಚನ್ನು ಕೋಣೆಗಳಾಗಿ ವಿಂಗಡಿಸುವ ವ್ಯವಸ್ಥೆ ನಿಜ. ಆದರೆ ಮಾರ್ಗ ತೋರಿಸುವ ಸಾಮರ್ಥ್ಯವುಳ್ಳ ಸ್ವಿಚ್ಚಿನಲ್ಲಿ ಪ್ರತಿ ಕೋಣೆಗೂ ಒಂದು ವಿಳಾಸ ಕೊಟ್ಟೊಡನೆ ಆ ಕೋಣೆಗಳೆಲ್ಲವೂ ಒಂದೇ ಮಾರ್ಗಪಟ್ಟಿಯಲ್ಲಿ ಸೇರುತ್ತವೆ. ತಡೆಯುವ ನಿಯಮವನ್ನು ಪ್ರತ್ಯೇಕವಾಗಿ ಬರೆಯದಿದ್ದರೆ ಒಂದು ಕೋಣೆಯಿಂದ ಇನ್ನೊಂದಕ್ಕೆ ಸ್ವಿಚ್ಚೇ ದಾರಿ ತೋರಿಸುತ್ತದೆ. ಗೋಡೆ ಕಟ್ಟಿ ಬಾಗಿಲು ತೆರೆದಿಟ್ಟಂತೆ ಇದು. ವಿಆರ್‌ಎಫ್‌ನಲ್ಲಿ ಬಾಗಿಲೇ ಇರುವುದಿಲ್ಲ. ಬೇಕೆಂದಾಗ ಬೇಕಾದಷ್ಟೇ ಅಗಲದ ಬಾಗಿಲನ್ನು ಹೊಸದಾಗಿ ಇಡಬೇಕಾಗುತ್ತದೆ. ಎರಡರ ನಡುವಣ ವ್ಯತ್ಯಾಸದ ತಿರುಳು ಇದೇ.

ಅಳವಡಿಕೆಯ ಕ್ರಮ

ಮಾಲೀಕರು ತಾವೇ ಸ್ವಿಚ್ಚಿನ ಮುಂದೆ ಕುಳಿತು ಆದೇಶಗಳನ್ನು ಬರೆಯಬೇಕಾಗಿಲ್ಲ. ಆದರೆ ಕೆಲಸ ಯಾವ ಕ್ರಮದಲ್ಲಿ ನಡೆಯುತ್ತದೆಂದು ತಿಳಿದಿದ್ದರೆ ತಂತ್ರಜ್ಞರನ್ನು ಸರಿಯಾದ ಪ್ರಶ್ನೆ ಕೇಳಬಹುದು.

ಮೊದಲನೆಯದಾಗಿ, ಎಷ್ಟು ಪಟ್ಟಿಗಳು ಬೇಕೆಂದು ನಿರ್ಧರಿಸಿ ಪ್ರತಿಯೊಂದಕ್ಕೂ ಹೆಸರಿಡಬೇಕು: ಕಚೇರಿ, ಯಂತ್ರಶಾಲೆ, ಕ್ಯಾಮೆರಾ, ಅತಿಥಿ ಎಂಬಂತೆ. ಸಿಸ್ಕೋ ಕಂಪನಿಯ ದತ್ತಾಂಶ ಕೇಂದ್ರದ ನೆಕ್ಸಸ್ ಸ್ವಿಚ್‌ಗಳಲ್ಲಿ ಇದಕ್ಕೆ ‘ವಿಆರ್‌ಎಫ್ ಕಾಂಟೆಕ್ಸ್ಟ್’ ಎಂಬ ಆದೇಶವಿದೆ; ಜೂನಿಪರ್ ಕಂಪನಿಯ ಉಪಕರಣಗಳಲ್ಲಿ ‘ರೂಟಿಂಗ್ ಇನ್‌ಸ್ಟೆನ್ಸ್’ ಎನ್ನುತ್ತಾರೆ. ಹೆಸರು ಬೇರೆಯಾದರೂ ತತ್ತ್ವ ಒಂದೇ.

ಎರಡನೆಯದಾಗಿ, ಸ್ವಿಚ್ಚಿನ ಯಾವ ಕಿಂಡಿ ಅಥವಾ ಯಾವ ವಿಎಲ್ಎಎನ್ ಯಾವ ಪಟ್ಟಿಗೆ ಸೇರಬೇಕೆಂದು ತಿಳಿಸಬೇಕು. ಇಲ್ಲಿ ಕ್ರಮ ಮುಖ್ಯ. ನೆಕ್ಸಸ್ ಸ್ವಿಚ್ಚಿನಲ್ಲಿ ಒಂದು ಕಿಂಡಿಯನ್ನು ಹೊಸ ಪಟ್ಟಿಗೆ ಸೇರಿಸಿದೊಡನೆ ಅದಕ್ಕೆ ಮೊದಲು ಕೊಟ್ಟಿದ್ದ ವಿಳಾಸ ಅಳಿಸಿಹೋಗುತ್ತದೆ. ಆದ್ದರಿಂದ ಮೊದಲು ಪಟ್ಟಿಗೆ ಸೇರಿಸಿ, ಅನಂತರ ವಿಳಾಸ ಕೊಡಬೇಕು. ಕೆಲಸದ ವೇಳೆಯಲ್ಲಿ ಇದನ್ನು ಮರೆತು ಮಾಡಿದರೆ ಆ ವಿಭಾಗದ ಸಂಪರ್ಕವೆಲ್ಲ ಒಮ್ಮೆಲೇ ಕಡಿದುಹೋಗುತ್ತದೆ. ರಜೆಯ ದಿನ ಅಥವಾ ಪಾಳಿ ಮುಗಿದ ಮೇಲೆ ಈ ಕೆಲಸ ಮಾಡಿಸುವುದು ಉಚಿತ.

ಮೂರನೆಯದಾಗಿ, ಪ್ರತಿ ಪಟ್ಟಿಗೂ ಅದರದೇ ಆದ ದಾರಿಗಳನ್ನು ಬರೆಯಬೇಕು. ಮುಖ್ಯ ಪಟ್ಟಿಯಲ್ಲಿ ಇಂಟರ್‌ನೆಟ್ಟಿಗೆ ದಾರಿ ಬರೆದರೆ ಅದು ಕಚೇರಿಯ ಪಟ್ಟಿಗೆ ತಾನಾಗಿ ಬರುವುದಿಲ್ಲ. ಒಂದು ಸಂಸ್ಥೆಯ ಬ್ಯಾಂಕ್ ಖಾತೆಯಿಂದ ಇನ್ನೊಂದು ಸಂಸ್ಥೆಯ ಚೆಕ್ಕು ಪಾವತಿಯಾಗದಿರುವಂತೆಯೇ ಇದು. ಯಂತ್ರಶಾಲೆಯ ಪಟ್ಟಿಗೆ ಇಂಟರ್‌ನೆಟ್ ದಾರಿಯನ್ನು ಬೇಕೆಂದೇ ಬರೆಯದಿರುವುದೂ ಒಂದು ವಿವೇಕದ ಆಯ್ಕೆ.

ನಾಲ್ಕನೆಯದಾಗಿ, ಸ್ವಿಚ್ಚನ್ನೇ ನಿಯಂತ್ರಿಸುವ ದಾರಿಯನ್ನು ಬೇರೆಯಿಡಬೇಕು. ನೆಕ್ಸಸ್ ಸ್ವಿಚ್‌ಗಳಲ್ಲಿ ಇದಕ್ಕೆಂದೇ ‘ಮ್ಯಾನೇಜ್‌ಮೆಂಟ್’ ಎಂಬ ಪಟ್ಟಿಯೂ ಅದಕ್ಕೆ ಸೇರಿದ ಪ್ರತ್ಯೇಕ ಕಿಂಡಿಯೂ ಮೊದಲಿನಿಂದಲೇ ಇರುತ್ತವೆ. ಅಂಗಡಿಯ ಗಲ್ಲಾಪೆಟ್ಟಿಗೆಯ ಬೀಗದ ಕೈಯನ್ನು ಗಲ್ಲಾಪೆಟ್ಟಿಗೆಯಲ್ಲಿಯೇ ಇಡಬಾರದೆಂಬುದು ಯಾವ ವರ್ತಕನಿಗೂ ಹೊಸ ಮಾತಲ್ಲ.

ಐದನೆಯದಾಗಿ, ಪರೀಕ್ಷೆ ಮಾಡುವಾಗ ಯಾವ ಪಟ್ಟಿಯಿಂದ ಪರೀಕ್ಷಿಸಲಾಗುತ್ತಿದೆ ಎಂಬುದನ್ನು ಹೇಳಬೇಕು. ಹೇಳದಿದ್ದರೆ ಸ್ವಿಚ್ಚು ಮುಖ್ಯ ಪಟ್ಟಿಯನ್ನು ನೋಡಿ ‘ದಾರಿ ಇಲ್ಲ’ ಎನ್ನುತ್ತದೆ. ಸರಿಯಿದ್ದ ಅಳವಡಿಕೆಯನ್ನು ತಪ್ಪೆಂದು ಭಾವಿಸಿ ಕೆಡಿಸುವ ಸಂಭವವಿದೆ. ಸೇರಬೇಕಾದವರು ಸೇರುತ್ತಾರೆಯೇ ಎಂಬುದರಷ್ಟೇ, ಸೇರಬಾರದವರು ಸೇರುತ್ತಿಲ್ಲವೇ ಎಂಬುದನ್ನೂ ಪರೀಕ್ಷಿಸಬೇಕು. ಲೆಕ್ಕಪರಿಶೋಧನೆಯಲ್ಲಿ ಬರೆದ ನಮೂದುಗಳನ್ನು ಮಾತ್ರ ನೋಡಿ ಸುಮ್ಮನಾಗುವುದಿಲ್ಲವಷ್ಟೆ.

ಕೊನೆಯದಾಗಿ, ಮಾಡಿದ ಬದಲಾವಣೆಯನ್ನು ಸ್ವಿಚ್ಚಿನ ಶಾಶ್ವತ ಸ್ಮರಣೆಗೆ ಉಳಿಸಬೇಕು. ಚಾಲ್ತಿಯಲ್ಲಿರುವ ಅಳವಡಿಕೆ ಬೇರೆ, ಪುನರಾರಂಭದ ನಂತರ ಓದುವ ಅಳವಡಿಕೆ ಬೇರೆ. ಉಳಿಸದಿದ್ದರೆ ಮುಂದಿನ ವಿದ್ಯುತ್ ಕಡಿತದಲ್ಲಿ ಎಲ್ಲವೂ ಸೀಸದ ಕಡ್ಡಿಯ ಬರಹದಂತೆ ಅಳಿಸಿಹೋಗುತ್ತದೆ. ಉಳಿಸಿದ್ದರ ಒಂದು ಪ್ರತಿಯು ಮಾಲೀಕರ ಕಡತದಲ್ಲಿಯೂ ಇರಬೇಕು.

ಬಾಗಿಲು ಇಡುವುದು ಯಾರ ಅಪ್ಪಣೆಯಿಂದ?

ಪಟ್ಟಿಗಳನ್ನು ಸಂಪೂರ್ಣವಾಗಿ ಬೇರ್ಪಡಿಸಿ ವ್ಯಾಪಾರ ನಡೆಯುವುದಿಲ್ಲ. ಯಂತ್ರಶಾಲೆಯ ಉತ್ಪಾದನೆಯ ಅಂಕಿಗಳು ಕಚೇರಿಗೆ ಬರಬೇಕು. ಕಚೇರಿಯ ಮುದ್ರಣಯಂತ್ರವನ್ನು ಉಗ್ರಾಣದವರೂ ಬಳಸಬೇಕು. ಒಂದು ಪಟ್ಟಿಯ ಆಯ್ದ ದಾರಿಯನ್ನು ಇನ್ನೊಂದರಲ್ಲಿ ನಮೂದಿಸುವುದಕ್ಕೆ ತಂತ್ರಜ್ಞರು ‘ರೂಟ್ ಲೀಕಿಂಗ್’ ಎನ್ನುತ್ತಾರೆ. ಹೆಸರು ಸೋರಿಕೆಯಾದರೂ ಇದು ತಿಳಿದು ಮಾಡುವ ಕೆಲಸ. ಲೆಕ್ಕದ ಭಾಷೆಯಲ್ಲಿ ಇದು ಶಾಖೆಗಳ ನಡುವಣ ಖಾತೆಯಿದ್ದಂತೆ.

ಇಲ್ಲಿಯೂ ಜೋಡಿ ನಮೂದಿನ ನಿಯಮವೇ ಅನ್ವಯಿಸುತ್ತದೆ. ಯಂತ್ರಶಾಲೆಯಿಂದ ಕಚೇರಿಗೆ ದಾರಿ ಬರೆದು, ಕಚೇರಿಯಿಂದ ಯಂತ್ರಶಾಲೆಗೆ ಮರಳುವ ದಾರಿಯನ್ನು ಬರೆಯದಿದ್ದರೆ ಉತ್ತರ ಹಿಂದಿರುಗುವುದಿಲ್ಲ. ಖರ್ಚಿಗೆ ಬಿದ್ದು ಜಮೆಗೆ ಬಾರದ ಮೊತ್ತದಂತೆ ವಹಿವಾಟು ಅರ್ಧದಲ್ಲಿಯೇ ನಿಲ್ಲುತ್ತದೆ. ಎರಡೂ ಕಡೆ ಒಂದೇ ವಿಳಾಸಗಳಿದ್ದರೆ ನೇರವಾಗಿ ಹೀಗೆ ಕೂಡಿಸಲಾಗುವುದಿಲ್ಲ. ವಿಳಾಸವನ್ನು ಮಾರ್ಪಡಿಸುವ ವ್ಯವಸ್ಥೆ ನಡುವೆ ಇರಬೇಕು. ಮಾರ್ಗಪಟ್ಟಿಯು ದಾರಿಯನ್ನು ತೋರಿಸುತ್ತದೆಯೇ ಹೊರತು ಆ ದಾರಿಯಲ್ಲಿ ಬರುವ ಸರಕನ್ನು ತೆರೆದು ನೋಡುವುದಿಲ್ಲ. ಆದ್ದರಿಂದ ಪಟ್ಟಿಗಳು ಕೂಡುವ ಜಾಗದಲ್ಲಿ ಫೈರ್‌ವಾಲ್ ಎಂಬ ತಪಾಸಣಾ ಠಾಣೆ ಇರುವುದು ಕ್ಷೇಮ.

ಅತ್ಯಂತ ಮುಖ್ಯವಾದುದು ಅಧಿಕಾರದ ಪ್ರಶ್ನೆ. ‘ತುರ್ತಾಗಿ ಬೇಕಾಗಿತ್ತು, ತೆರೆದೆ’ ಎಂದು ತಂತ್ರಜ್ಞನೊಬ್ಬ ಹೇಳುವ ಬಾಗಿಲು ವರ್ಷಗಳ ಕಾಲ ತೆರೆದೇ ಇರುತ್ತದೆ. ಪ್ರತಿ ಬಾಗಿಲಿಗೂ ಕಾರಣ, ಅಪ್ಪಣೆ ಕೊಟ್ಟವರ ಸಹಿ, ದಿನಾಂಕ, ಮುಚ್ಚಬೇಕಾದ ದಿನ ಎಂಬ ನಾಲ್ಕು ಅಂಕಣಗಳ ಒಂದು ಪುಸ್ತಕವಿರಬೇಕು. ವೋಚರಿಲ್ಲದೆ ನಗದು ಕೊಡದ ಮಾಲೀಕರು ವೋಚರಿಲ್ಲದೆ ಬಾಗಿಲು ತೆರೆಯಲು ಬಿಡುವುದೇಕೆ?

ಅನುಭವ ಹೇಳುವ ಪಾಠ

ಈ ಎಚ್ಚರಿಕೆ ಕೇವಲ ಕಲ್ಪನೆಯಲ್ಲ. ಅಮೆರಿಕದ ಟಾರ್ಗೆಟ್ ಎಂಬ ಚಿಲ್ಲರೆ ಮಾರಾಟ ಸಂಸ್ಥೆಯಿಂದ 2013ರ ಕೊನೆಯಲ್ಲಿ ಸುಮಾರು 4 ಕೋಟಿ ಪಾವತಿ ಕಾರ್ಡುಗಳ ವಿವರಗಳು ಕಳವಾದವು. ಕಳ್ಳರು ಒಳಬಂದದ್ದು ಶೀತಲೀಕರಣ ಯಂತ್ರಗಳ ಕೆಲಸ ಮಾಡುತ್ತಿದ್ದ ಒಬ್ಬ ಸಣ್ಣ ಗುತ್ತಿಗೆದಾರರಿಗೆ ಕೊಟ್ಟಿದ್ದ ಪ್ರವೇಶದ ಗುರುತುಗಳನ್ನು ಕದ್ದು. ಒಳಗೆ ಒಂದು ಕೋಣೆಯಿಂದ ಹಣದ ಕೋಣೆಯವರೆಗೂ ದಾರಿ ಸಿಕ್ಕಿತು. ದೊಡ್ಡ ಕಂಪನಿಗಳಿಗೆ ಸರಕು ಒದಗಿಸುವ ನಂಜನಗೂಡಿನ ಸಣ್ಣ ಘಟಕಗಳು ಈ ಕಥೆಯಲ್ಲಿ ತಾವು ಯಾವ ಸ್ಥಾನದಲ್ಲಿದ್ದೇವೆಂದು ಯೋಚಿಸಬೇಕು. ನೆಸ್ಲೆ, ಎಟಿ ಅಂಡ್ ಎಸ್, ಏಷ್ಯನ್ ಪೇಂಟ್ಸ್‌ನಂತಹ ಸಂಸ್ಥೆಗಳ ಕಾರ್ಖಾನೆಗಳಿರುವ ತಾಲ್ಲೂಕಿದು. ಸರಬರಾಜುದಾರರ ಮಾಹಿತಿ ಸುರಕ್ಷತೆಯ ಬಗ್ಗೆ ಪ್ರಶ್ನಾವಳಿ ಕಳುಹಿಸುವ ಪದ್ಧತಿ ದೊಡ್ಡ ಉದ್ಯಮಗಳಲ್ಲಿ ಬೆಳೆದುಬಂದಿದೆ. ‘ನಿಮ್ಮ ಜಾಲವನ್ನು ವಿಂಗಡಿಸಲಾಗಿದೆಯೇ’ ಎಂಬ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರ ಕೊಡಲಾಗದವರು ಮುಂದೆ ಗಿರಾಕಿಯನ್ನೇ ಕಳೆದುಕೊಳ್ಳಬಹುದು.

2017ರ ಜೂನ್ ತಿಂಗಳಲ್ಲಿ ನಾಟ್‌ಪೆಟ್ಯಾ ಎಂಬ ದುಷ್ಟ ತಂತ್ರಾಂಶವು ಯುರೋಪಿನಲ್ಲಿ ಕಾಣಿಸಿಕೊಂಡು, ಮಾರ್ಸ್ಕ್ ಹಡಗು ಸಂಸ್ಥೆಯ ಜಾಲದ ಮೂಲಕ ಮುಂಬಯಿ ಬಳಿಯ ಜವಾಹರಲಾಲ್ ನೆಹರೂ ಬಂದರಿನ ಒಂದು ಟರ್ಮಿನಲ್ಲಿನ ಕೆಲಸವನ್ನು ಅಸ್ತವ್ಯಸ್ತಗೊಳಿಸಿತು. ಎಲ್ಲವೂ ಎಲ್ಲದಕ್ಕೂ ಕೂಡಿಕೊಂಡಿದ್ದರೆ ದೂರದ ದೇಶದ ಬೆಂಕಿಯೂ ಮನೆಯ ಹಿತ್ತಲಿಗೆ ತಗುಲುತ್ತದೆ.

ಇದಕ್ಕೆ ವಿರುದ್ಧವಾದ ಪಾಠ 2024ರ ಜುಲೈ 31ರಂದು ದೊರೆಯಿತು. ಸಹಕಾರಿ ಹಾಗೂ ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳಿಗೆ ತಾಂತ್ರಿಕ ಸೇವೆ ಒದಗಿಸುವ ಸಿ-ಎಡ್ಜ್ ಸಂಸ್ಥೆಯ ಮೇಲೆ ರ‍್ಯಾನ್ಸಮ್‌ವೇರ್ ದಾಳಿ ನಡೆದಾಗ, ರಾಷ್ಟ್ರೀಯ ಪಾವತಿ ನಿಗಮವು ಆ ಸಂಸ್ಥೆಯ ವ್ಯವಸ್ಥೆಯನ್ನು ತನ್ನ ಪಾವತಿ ಜಾಲದಿಂದ ತಾತ್ಕಾಲಿಕವಾಗಿ ಬೇರ್ಪಡಿಸಿತು. ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ತೊಂದರೆಯಾಯಿತೆಂದು ವರದಿಯಾಯಿತು; ದೇಶದ ಉಳಿದ ಪಾವತಿಗಳು ಎಂದಿನಂತೆ ನಡೆದವು. ಕತ್ತರಿಸಬೇಕಾದ ಜಾಗ ಮೊದಲೇ ಗೊತ್ತಿದ್ದುದರಿಂದ ಕತ್ತರಿಸುವುದು ಸಾಧ್ಯವಾಯಿತು. ಜಾಲವನ್ನು ವಿಂಗಡಿಸುವುದರ ನಿಜವಾದ ಲಾಭ ಇದು: ಅಪಾಯ ಬರುವುದೇ ಇಲ್ಲವೆಂದಲ್ಲ, ಬಂದಾಗ ಎಲ್ಲಿಯವರೆಗೆ ಹರಡಬೇಕೆಂಬ ನಿರ್ಧಾರ ಮಾಲೀಕರ ಕೈಯಲ್ಲಿರುತ್ತದೆ.

ಒಬ್ಬರಿಗೆ ದುಬಾರಿ, ಹಲವರಿಗೆ ಸಾಧ್ಯ

ಹಾಗಾದರೆ ಪ್ರತಿಯೊಬ್ಬ ಸಣ್ಣ ಉದ್ಯಮಿಯೂ ದತ್ತಾಂಶ ಕೇಂದ್ರದ ಸ್ವಿಚ್ ಕೊಳ್ಳಬೇಕೇ? ಖಂಡಿತ ಬೇಡ. ಹತ್ತು ಕಂಪ್ಯೂಟರ್‌ಗಳ ಅಂಗಡಿಗೆ ಸಾಧಾರಣ ಸ್ವಿಚ್ಚು, ಸರಿಯಾದ ನಿಯಮಗಳನ್ನು ಬರೆದ ಒಂದು ಫೈರ್‌ವಾಲ್ ಇದ್ದರೆ ಸಾಕು. ಅಗತ್ಯಕ್ಕಿಂತ ದೊಡ್ಡ ಯಂತ್ರ ಕೊಂಡು ಅದರ ಅರ್ಧ ಸಾಮರ್ಥ್ಯವನ್ನೂ ಬಳಸದಿರುವುದು ಬಂಡವಾಳದ ಅಪವ್ಯಯವೇ ಸರಿ.

ಆದರೆ ಹನ್ನೆರಡು ಘಟಕಗಳು ಕೂಡಿದರೆ ಲೆಕ್ಕ ಬದಲಾಗುತ್ತದೆ. ಇಂದು ಅವು ಹನ್ನೆರಡೂ ಬೇರೆ ಬೇರೆ ಇಂಟರ್‌ನೆಟ್ ಸಂಪರ್ಕ, ಹನ್ನೆರಡು ಯುಪಿಎಸ್, ಹನ್ನೆರಡು ಅರೆಬರೆ ಬ್ಯಾಕಪ್ ವ್ಯವಸ್ಥೆಗಳಿಗೆ ಹಣ ಸುರಿಯುತ್ತಿವೆ. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಉದ್ಯಮಿಗಳ ಸಂಘವು ಒಂದು ಸಾಮಾನ್ಯ ದತ್ತಾಂಶ ಕೊಠಡಿಯನ್ನು ನಡೆಸಿ, ಅಲ್ಲಿ ಉತ್ತಮ ದರ್ಜೆಯ ಸ್ವಿಚ್ಚಿನ ಒಂದು ಜೋಡಿಯನ್ನಿಟ್ಟು, ಪ್ರತಿ ಸದಸ್ಯ ಘಟಕಕ್ಕೂ ಒಂದೊಂದು ಪ್ರತ್ಯೇಕ ಮಾರ್ಗಪಟ್ಟಿಯನ್ನು ಕೊಡುವುದು ತಾಂತ್ರಿಕವಾಗಿ ಸಂಪೂರ್ಣ ಸಾಧ್ಯ. ಒಬ್ಬರ ವಿಳಾಸ ಇನ್ನೊಬ್ಬರದರಂತೆಯೇ ಇದ್ದರೂ ಬಾಧಕವಿಲ್ಲ. ತಿ. ನರಸೀಪುರದ ಗಿರಣಿಗಳು ಮತ್ತು ವರ್ತಕರು ದೂರದಿಂದಲೇ ಗುಪ್ತಲಿಪಿಯ ಸಂಪರ್ಕದ ಮೂಲಕ ತಮ್ಮ ಪಟ್ಟಿಯನ್ನು ಸೇರಬಹುದು. ದೂರಸಂಪರ್ಕ ಸಂಸ್ಥೆಗಳು ಒಂದೇ ಜಾಲದಲ್ಲಿ ಅನೇಕ ಗಿರಾಕಿಗಳನ್ನು ಬೇರೆ ಬೇರೆಯಾಗಿಟ್ಟು ಸೇವೆ ಒದಗಿಸುತ್ತಿರುವುದೂ ಇದೇ ತತ್ತ್ವದ ಮೇಲೆ.

ಇದಕ್ಕೆ ಆಕ್ಷೇಪಣೆಗಳೂ ಇವೆ, ಅವು ಹುರುಳಿಲ್ಲದವಲ್ಲ. ಪ್ರತಿಸ್ಪರ್ಧಿಗಳಾದ ಇಬ್ಬರ ಮಾಹಿತಿ ಒಂದೇ ಪೆಟ್ಟಿಗೆಯ ಮೂಲಕ ಹಾದುಹೋಗುವುದು ಹೇಗೆ? ಪೆಟ್ಟಿಗೆ ಕೆಟ್ಟರೆ ಹನ್ನೆರಡು ಕಾರ್ಖಾನೆಗಳೂ ಒಟ್ಟಿಗೆ ನಿಲ್ಲುವುದಿಲ್ಲವೇ? ಪೆಟ್ಟಿಗೆಯ ಕೀಲಿಕೈ ಹಿಡಿದವನು ಎಲ್ಲರ ಮನೆಗೂ ಹೋಗಬಲ್ಲನಲ್ಲವೇ?

ಮಾರ್ಗಪಟ್ಟಿಯನ್ನು ಬೇರ್ಪಡಿಸುವುದೆಂದರೆ ಮಾಹಿತಿಯನ್ನು ಗುಪ್ತಲಿಪಿಗೆ ತಿರುಗಿಸುವುದಲ್ಲ. ಅದನ್ನು ಪ್ರತಿ ಘಟಕವೂ ತನ್ನ ತುದಿಯಲ್ಲಿಯೇ ಪ್ರತ್ಯೇಕವಾಗಿ ಮಾಡಿಕೊಳ್ಳಬೇಕು. ಸ್ವಿಚ್ಚಿನ ಮೂಲ ಸಂಸ್ಕಾರಕವೂ ವಿದ್ಯುತ್ತೂ ಎಲ್ಲ ಪಟ್ಟಿಗಳಿಗೂ ಒಂದೇ ಆಗಿರುವುದರಿಂದ ಒಂದರ ಬದಲು ಎರಡು ಸ್ವಿಚ್‌ಗಳು, ಎರಡು ವಿದ್ಯುತ್ ಮೂಲಗಳು ಅನಿವಾರ್ಯ. ಕೀಲಿಕೈಯ ಪ್ರಶ್ನೆಗೆ ಉತ್ತರ ತಂತ್ರಜ್ಞಾನದಲ್ಲಿಲ್ಲ, ಒಪ್ಪಂದದಲ್ಲಿದೆ. ಯಾವುದೇ ಬದಲಾವಣೆಗೆ ಇಬ್ಬರ ಒಪ್ಪಿಗೆ ಬೇಕು. ಪ್ರತಿ ಆದೇಶದ ದಾಖಲೆ ಆ ತಂತ್ರಜ್ಞನ ಕೈಗೆ ಸಿಗದ ಬೇರೆ ಕಡೆ ಉಳಿಯಬೇಕು. ವರ್ಷಕ್ಕೊಮ್ಮೆ ಹೊರಗಿನವರಿಂದ ಪರಿಶೋಧನೆ ಆಗಬೇಕು. ಸದಸ್ಯರು ಬಿಟ್ಟುಹೋಗುವಾಗ ಅವರ ಪಟ್ಟಿಯನ್ನು ಅಳಿಸಿದ್ದಕ್ಕೆ ಲಿಖಿತ ದೃಢೀಕರಣ ಕೊಡಬೇಕು. ಈ ಷರತ್ತುಗಳಿಲ್ಲದ ಸಾಮಾನ್ಯ ಕೊಠಡಿಗಿಂತ ಇಂದಿನ ಹನ್ನೆರಡು ಅರೆಬರೆ ಪೆಟ್ಟಿಗೆಗಳೇ ವಾಸಿ. ಷರತ್ತುಗಳಿದ್ದರೆ ಇವುಗಳಿಗಿಂತ ಅದು ಎಷ್ಟೋ ಮೇಲು.

ಖರ್ಚು ಮತ್ತು ಕಾನೂನು

ಸ್ವಿಚ್ಚಿಗೆ ಹಾಕಿದ ಹಣವನ್ನು ಸುಮ್ಮನೆ ‘ಕಂಪ್ಯೂಟರ್ ಖರ್ಚು’ ಎಂದು ಬರೆದು ಮರೆಯಬಾರದು. 2013ರ ಕಂಪನಿಗಳ ಕಾಯಿದೆಯ ಎರಡನೆಯ ಅನುಸೂಚಿಯಲ್ಲಿ ಸರ್ವರ್ ಮತ್ತು ಜಾಲ ಉಪಕರಣಗಳ ಉಪಯುಕ್ತ ಆಯುಷ್ಯ 6 ವರ್ಷ. ಮೇಜಿನ ಕಂಪ್ಯೂಟರಿಗೆ 3 ವರ್ಷ ಮಾತ್ರ. ಆದಾಯ ತೆರಿಗೆಯ ವಿಷಯದಲ್ಲಿ ರೂಟರ್ ಮತ್ತು ಸ್ವಿಚ್ಚುಗಳು ಕಂಪ್ಯೂಟರಿನ ಜೊತೆಗೂಡಿ ಕೆಲಸ ಮಾಡುವಾಗ ಕಂಪ್ಯೂಟರಿನ ದರದ ಸವಕಳಿಗೆ ಅರ್ಹವೆಂದು ಮುಂಬಯಿಯ ಮೇಲ್ಮನವಿ ನ್ಯಾಯಮಂಡಳಿಯ ವಿಶೇಷ ಪೀಠವು 2010ರಲ್ಲಿ ಡೇಟಾಕ್ರಾಫ್ಟ್ ಪ್ರಕರಣದಲ್ಲಿ ತೀರ್ಪು ನೀಡಿದೆ. ಸಂಘವೊಂದು ಕೊಂಡು ಸದಸ್ಯರಿಂದ ಶುಲ್ಕ ಪಡೆಯುವುದಾದರೆ ಸ್ವತ್ತು ಯಾರ ಪುಸ್ತಕದಲ್ಲಿ ಬರಬೇಕು, ತೆರಿಗೆಯ ಜಮೆ ಯಾರಿಗೆ ಸಲ್ಲಬೇಕು ಎಂಬುದನ್ನು ಕೊಳ್ಳುವ ಮೊದಲೇ ತೀರ್ಮಾನಿಸುವುದು ಜಾಣತನ.

ಕಾನೂನಿನ ಒತ್ತಾಯವೂ ಹೆಚ್ಚಿದೆ. ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳ ಪ್ರಕಾರ ಸೈಬರ್ ಘಟನೆಯೊಂದು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು. ವ್ಯವಸ್ಥೆಯ ದಾಖಲೆಗಳನ್ನು 180 ದಿನ ಕಾಪಾಡಬೇಕು. ಸಣ್ಣ ಮತ್ತು ಮಧ್ಯಮ ಉದ್ಯಮಗಳಿಗೆ ಇದು ಅದೇ ವರ್ಷದ ಸೆಪ್ಟೆಂಬರ್ 25ರಿಂದ ಅನ್ವಯವಾಯಿತು. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶವು ಪ್ರತಿಯೊಂದು ತಿದ್ದುಪಡಿಯ ಜಾಡನ್ನೂ ಉಳಿಸಬೇಕಾಗಿದೆ. ಎಲ್ಲ ಉಪಕರಣಗಳೂ ಒಂದೇ ಜಾಲದಲ್ಲಿ ಬೆರೆತಿದ್ದರೆ 6 ಗಂಟೆಗಳಲ್ಲಿ ಏನಾಯಿತೆಂದು ತಿಳಿಯುವುದೇ ದುಸ್ತರ, ವರದಿ ಮಾಡುವುದು ಹಾಗಿರಲಿ. ಯಾವ ಪಟ್ಟಿಯಲ್ಲಿ ತೊಂದರೆಯಾಗಿದೆ ಎಂದು ಹೇಳಬಲ್ಲವರಿಗೆ ಅರ್ಧ ಕೆಲಸ ಮುಗಿದಂತೆಯೇ.

ಮೊದಲ ಹೆಜ್ಜೆ

ಈ ಎಲ್ಲಕ್ಕೂ ಮುನ್ನ ಬೇಕಾಗಿರುವುದು ಒಂದು ಹಾಳೆ ಕಾಗದ. ಎಡಗಡೆ ತಮ್ಮ ಉದ್ಯಮದಲ್ಲಿ ಜಾಲಕ್ಕೆ ಸೇರಿದ ಪ್ರತಿಯೊಂದು ಉಪಕರಣದ ಹೆಸರನ್ನು ಬರೆಯಬೇಕು. ಬಲಗಡೆ ಅದು ಯಾರೊಡನೆ ಮಾತನಾಡಲೇಬೇಕು ಎಂಬುದನ್ನು ಬರೆಯಬೇಕು. ಬರೆಯದೆ ಉಳಿದ ಸಂಬಂಧಗಳೆಲ್ಲವೂ ಅನಗತ್ಯ, ಆದ್ದರಿಂದ ಅಪಾಯಕರ. ಈ ಹಾಳೆಯನ್ನು ಯಾವ ಎಂಜಿನಿಯರೂ ಮಾಲೀಕರಿಗಿಂತ ಚೆನ್ನಾಗಿ ಬರೆಯಲಾರರು. ಹಾಳೆ ಕೈಗೆ ಬಂದರೆ ಅದನ್ನು ಸ್ವಿಚ್ಚಿನ ಭಾಷೆಗೆ ತಿರುಗಿಸುವುದು ಎಂಜಿನಿಯರಿಗೆ ಒಂದೆರಡು ದಿನದ ಕೆಲಸ.

ನಂಜನಗೂಡು ಮತ್ತು ತಿ. ನರಸೀಪುರದ ಉದ್ಯಮಿಗಳ ಸಂಘಗಳು ಮುಂದಿನ ಸಭೆಗೆ ಇಂತಹ ಹನ್ನೆರಡು ಹಾಳೆಗಳನ್ನು ತರಿಸಿಕೊಂಡರೆ ಸಾಮಾನ್ಯ ಕೊಠಡಿಯ ಅಗತ್ಯವಿದೆಯೇ ಇಲ್ಲವೇ ಎಂಬುದು ಅಂದೇ ತಿಳಿಯುತ್ತದೆ. ಕೂಡಿ ಹೊರಬೇಕಾದ ಭಾರವನ್ನು ಕೂಡಿ ಹೊತ್ತು, ಬೇರೆಯಿರಬೇಕಾದ ಲೆಕ್ಕವನ್ನು ಬೇರೆಯಿಡುವುದು ವರ್ತಕ ಸಮುದಾಯಕ್ಕೆ ಹೊಸ ಪಾಠವಲ್ಲ. ಪುಸ್ತಕಗಳಲ್ಲಿ ತಲೆಮಾರುಗಳಿಂದ ಪಾಲಿಸಿಕೊಂಡು ಬಂದ ಆ ಶಿಸ್ತನ್ನು ಜಾಲಕ್ಕೂ ವಿಸ್ತರಿಸಬೇಕಾದ ಕಾಲ ಬಂದಿದೆ.